ಎಂಟುನೂರು ಮೀಟರ್ ಲಾವಂಚ

೧೮ ಮೇ ೧೯೯೯, ಮಂಗಳವಾರ

ಮೈಸೂರಿನ ಮೂರು ದಿನದ ತರಬೇತಿ ಮುಗಿಯಿತು. ನಂಜನಗೂಡಿನ ಮನೆ ಸೇರುವಾಗ ಸಂಜೆ ಆರೂವರೆ. ಅತ್ತೆ ಬಾಗಿಲಲ್ಲೇ ಕೂತಿದ್ದರು.

‘ಏನೇಳ್ಕೊಟ್ರು ಮಗ?’

‘ಹುಲ್ಲು ನೆಡೋದು ಅತ್ತೆ.’

‘ಅದ್ಕೆ ಮೈಸೂರ್ಗಂಟ ಓಗ್ಬೇಕಿತ್ತಾ?’

ನಗು ಬಂತು. ನಗುತ್ತಿರುವಾಗಲೇ ಗೋಡೆಯ ಮೇಲಿನ ಫೋಟೊ ಕಣ್ಣಿಗೆ ಬಿದ್ದು ಬಾಯಿ ಮುಚ್ಚಿಕೊಂಡೆ. ನನ್ನ ಗಂಡ ಜಗನ್ ತೀರಿಕೊಂಡು ಬರುವ ನವೆಂಬರಿಗೆ ಎರಡು ವರ್ಷ. ಬೈಕಿನಲ್ಲಿ ತಿ. ನರಸೀಪುರದಿಂದ ವಾಪಸು ಬರುವಾಗ ಆದ ಅಪಘಾತ. ಅವರ ಕೃಷಿ ಸಹಾಯಕನ ಕೆಲಸವನ್ನು ಅನುಕಂಪದ ಮೇಲೆ ಫೆಬ್ರವರಿಯಲ್ಲಿ ನನಗೆ ಕೊಟ್ಟರು. ತರಬೇತಿಗೆ ಬಂದವರೆಲ್ಲ ‘ಜಗನ್ ಮನೆಯವರಾ?’ ಎಂದು ಕೇಳಿ ಮಾತು ನಿಲ್ಲಿಸುತ್ತಿದ್ದರು. ಸಂಘಮಿತ್ರಾ ಎಂಬ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಬೇಕಾಗಲಿಲ್ಲ. ಕುರ್ಚಿ ಅವರದ್ದು, ಬೀರು ಅವರದ್ದು, ಬೀರುವಿನಲ್ಲಿರುವ ಕಡತಗಳೂ ಅವರವೇ. ನಾನು ಸುಮ್ಮನೆ ಅಲ್ಲಿ ಕೂತಿದ್ದೇನೆ.

ಪಾಠ ಮಾತ್ರ ಚೆನ್ನಾಗಿತ್ತು. ಮಳೆಯ ಮೊತ್ತ ಹೆಚ್ಚುಕಮ್ಮಿ ಅಷ್ಟೇ ಇದ್ದರೂ ಮಳೆ ಬೀಳುವ ದಿನಗಳು ಕಡಿಮೆಯಾಗುತ್ತಿವೆಯಂತೆ. ಹತ್ತು ದಿನ ಬರಬೇಕಾದದ್ದು ಒಂದೇ ದಿನ ಸುರಿದು ಹೋಗುತ್ತದೆ. ಭೂಮಿಯ ಕಾವು ಏರುತ್ತಿರುವುದು ಕಾರಣ, ಮುಂದೆ ಇನ್ನೂ ಹೆಚ್ಚಾಗುತ್ತದೆ ಎಂದರು. ಅಂಥ ಮಳೆಗೆ ಕಲ್ಲಿನ ಬದು ಒಡೆದುಹೋಗುತ್ತದೆ, ಬೇರು ಒಡೆಯುವುದಿಲ್ಲ. ಇಳಿಜಾರಿಗೆ ಅಡ್ಡಲಾಗಿ ಲಾವಂಚವನ್ನು ಸಾಲು ಹಿಡಿದು ನೆಟ್ಟರೆ ನೀರು ನಿಧಾನವಾಗಿ ಸೋರಿ ಮಣ್ಣು ಹಿಂದೆ ಉಳಿಯುತ್ತದೆ. ಸರ್ಕಾರ ಇದಕ್ಕೆಂದೇ ಯೋಜನೆ ಮಾಡಿದೆ. ನನಗೆ ಕೊಟ್ಟ ಊರು ಬಿಳಿಗೆರೆ ಕಡೆಯ ಕಲ್ಲುಕೊಪ್ಪಲು.

ಜಗನ್ ಆಗಿದ್ದರೆ ಇಷ್ಟು ಹೊತ್ತಿಗೆ ಊರಿನವರ ಹೆಸರೆಲ್ಲ ಬಾಯಿಗೆ ಬಂದಿರುತ್ತಿತ್ತು.

೯ ಜೂನ್, ಬುಧವಾರ

ಲಾವಂಚದ ಬುಡಗಳು ಲಾರಿಯಲ್ಲಿ ಬಂದವು. ಎಲ್ಲಿಂದಲೋ ಎರಡು ದಿನ ಬಿಸಿಲಲ್ಲಿ ಬಂದಿವೆ, ಗೋಣಿಗೆ ಒಂದು ತೊಟ್ಟು ನೀರು ಹಾಕಿಲ್ಲ. ಮುಟ್ಟಿದರೆ ಪುಡಿ.

ಕಲ್ಲುಕೊಪ್ಪಲಿನ ಇಳಿಜಾರಿನ ಮೇಲ್ತುದಿಯಲ್ಲಿ ಚಿಕ್ಕಮಾದಣ್ಣನ ಹೊಲ. ಅವರ ಪಕ್ಕ ಅವರ ಅಣ್ಣತಮ್ಮಂದಿರದು. ಐವತ್ತರ ಆಸುಪಾಸಿನ ತೆಳ್ಳನೆ ಮನುಷ್ಯ. ಒಂದು ಬುಡವನ್ನು ತಿರುಗಿಸಿ ನೋಡಿ ಬಹಳ ಮರ್ಯಾದೆಯಿಂದ ಕೇಳಿದರು:

‘ಮೇಡಮ್ಮೋರೆ, ಇದ್ನ ಒಲಕ್ಕಾಕದಾ, ಒಲೆಗಾಕದಾ?’

ಕೂಲಿಯವರೆಲ್ಲ ನಕ್ಕರು. ನಾನು ಕಚೇರಿಗೆ ಫೋನ್ ಮಾಡಲು ಬಿಳಿಗೆರೆಗೆ ಹೋಗಿ ಬಂದೆ. ‘ಬಂದಿದ್ದನ್ನ ನೆಡಿಸಿ, ಮಳೆ ಬಂದ್ರೆ ಚಿಗುರುತ್ತೆ’ ಎಂದರು. ನೆಡಿಸಿದೆ.

೨೪ ಜೂನ್

ಮಳೆಯೂ ಬಂತು. ಒಂದೂ ಚಿಗುರಲಿಲ್ಲ.

೨೬ ಜೂನ್, ಶನಿವಾರ

ಚಿಕ್ಕಮಾದಣ್ಣನ ಸರ್ವೆ ನಂಬರು ಬರೆದುಕೊಳ್ಳಲು ಹಳೆಯ ಕಡತ ತೆಗೆದೆ. ಅದರಲ್ಲಿ ಒಂದು ಹಾಳೆ. ಕಲ್ಲುಕೊಪ್ಪಲು, ಅದೇ ಸರ್ವೆ ನಂಬರುಗಳು, ಜುಲೈ ೧೯೯೭. ‘ಲಾವಂಚ ನಾಟಿ, ೮೦೦ ಮೀಟರ್, ಪೂರ್ಣ.’ ಕೆಳಗೆ ಜಗನ್ ಸಹಿ. ‘ನ್’ ಅನ್ನು ಉದ್ದಕ್ಕೆ ಎಳೆಯುತ್ತಿದ್ದ ಆ ಸಹಿ ನನಗೆ ಗೊತ್ತಿಲ್ಲವೇ.

ಆ ಹೊಲದಲ್ಲಿ ನಾನು ಹದಿನೈದು ದಿನ ಓಡಾಡಿದ್ದೇನೆ. ಹಳೆಯ ಲಾವಂಚದ ಒಂದು ಗರಿಯೂ ಅಲ್ಲಿಲ್ಲ.

ಎಲ್ಲ ಒಣಗಿಹೋಗಿರಬೇಕು. ದನ ತಿಂದಿರಬೇಕು.

೨೭ ಜೂನ್

ದನ ಅಷ್ಟು ಸುಲಭಕ್ಕೆ ಅದನ್ನು ತಿನ್ನುವುದಿಲ್ಲ ಎಂದು ತರಬೇತಿಯಲ್ಲಿ ನಾನೇ ಬರೆದುಕೊಂಡಿದ್ದೇನೆ.

೨೮ ಜೂನ್, ಸೋಮವಾರ

ಚಿಕ್ಕಮಾದಣ್ಣನನ್ನು ಕೇಳಿದೆ. ಅವರಿಗೆ ಹೇಳಲು ಇಷ್ಟವಿರಲಿಲ್ಲ. ಹೊಗೆಸೊಪ್ಪನ್ನು ಅಂಗೈಯಲ್ಲಿ ತಿಕ್ಕಿ ಬಾಯಿಗಿಟ್ಟುಕೊಂಡರು.

‘ಸಾರು ಬಂದಿದ್ರು ಕಣವ್ವ. ಪೈಪ್ನಲ್ಲಿ ನೀರ್ ತುಂಬ್ಕಂಡು ಮಟ್ಟ ಇಡ್ದು ಇಡೀ ದಿವ್ಸ ಗೆರೆ ಎಳೆದ್ರು. ಪಾಪ ಊಟಾನೂ ಮಾಡ್ನಿಲ್ಲ. ಮಾರ್ನೆ ದಿನ ಲಾರಿ ಬಂತು. ಈಗ ಬಂತಲ್ಲ, ಇಂಗೇ ಒಣ್ಗೋಗಿತ್ತು. ಇಳ್ಸನೇ ಇಲ್ಲ. ಬದ್ಲಿ ಕಳಿಸ್ತಾರೆ ಅಂದ್ರು. ಬರ್ನಿಲ್ಲ. ಆಮೇಕೆ ಸಾರೂ ಈ ಕಡೆ ಬರ್ನಿಲ್ಲ.’

‘ಬರಲೇ ಇಲ್ವಾ?’

‘ದೇವನೂರ್ ಕಡೆ ರಸ್ತೇಲಿ ಸಿಕ್ಕಿದ್ರು ಒಂದ್ಸಲ. ನನ್ ನೋಡಿ ಗಾಡಿ ನಿಲ್ಲಿಸ್ದೆ ಓದ್ರು.’

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಂದೆ. ಅವರ ಬಗ್ಗೆ ಸಿಟ್ಟು ಬರಲಿ ಎಂದು ಕಾಯುತ್ತಿದ್ದೆ. ಬರಲಿಲ್ಲ. ನನ್ನ ಚೀಲದಲ್ಲಿಯೂ ಒಂದು ಫಾರಂ ಇದೆ. ಅದರಲ್ಲಿಯೂ ‘ನಾಟಿ ಮಾಡಿದ ಉದ್ದ’ ಎಂಬ ಖಾಲಿ ಜಾಗವಿದೆ. ತುಂಬಲು ಅರ್ಧ ನಿಮಿಷ ಸಾಕು.

೩ ಜುಲೈ, ಶನಿವಾರ

ಇವತ್ತು ಕಂಡದ್ದನ್ನು ಪೂರ್ತಿ ಬರೆಯಬೇಕು.

ಇಳಿಜಾರಿನ ಕೆಳಗೆ ವೆಂಕಟಮ್ಮ ಎಂಬುವರ ಹೊಲ. ಅವರ ಹೊಲಕ್ಕೂ ಅವರ ಮೈದುನ ಚಲುವಯ್ಯನ ಹೊಲಕ್ಕೂ ನಡುವೆ ಎದೆಯೆತ್ತರದ ಹುಲ್ಲಿನ ಬೇಲಿ. ದೂರದಿಂದ ದರ್ಭೆ ಎಂದುಕೊಂಡಿದ್ದೆ. ಹತ್ತಿರ ಹೋಗಿ ಒಂದು ಎಳೆ ಬೇರು ಕಿತ್ತು ಮೂಸಿದೆ. ಲಾವಂಚ! ನೂರಿಪ್ಪತ್ತು ಮೀಟರಿಗೆ ಕಮ್ಮಿಯಿಲ್ಲ, ಒಂದೊಂದು ಬುಡವೂ ಕುಕ್ಕೆಯಷ್ಟು ಅಗಲ. ಬೇಲಿಯ ಮೇಲ್ಗಡೆ ಹೊಲದ ಮಣ್ಣು ಕೆಳಗಿನದಕ್ಕಿಂತ ಮಂಡಿಯಷ್ಟು ಎತ್ತರ ನಿಂತಿದೆ. ಮೈಸೂರಿನಲ್ಲಿ ಪರದೆಯ ಮೇಲೆ ತೋರಿಸಿದ್ದು ಇಲ್ಲಿ ನಲವತ್ತು ವರ್ಷದಿಂದ ತನ್ನ ಪಾಡಿಗೆ ಇದೆ.

ವೆಂಕಟಮ್ಮ ಅರವತ್ತೈದು ದಾಟಿದ ಗಟ್ಟಿ ಹೆಂಗಸು. ನಾನು ಕೂತ ಜಗಲಿಯ ಅಂಚಿಗೆ ಬಂದು, ‘ಯಾವೂರ್ ಕಡೆಯೋರು? ಯಾವ ಪೈಕಿ?’ ಎಂದು ಕೇಳಿದರು. ಹೇಳಿದೆ. ನೀರನ್ನು ಬೊಗಸೆಗೆ ಮೇಲಿನಿಂದ ಹುಯ್ದರು. ಕುಡಿದೆ. ಬಾಯಾರಿಕೆಯಾಗಿತ್ತು.

‘ಅದು ಬದಿನ ಹುಲ್ಲು. ನಮ್ಮತ್ತೆ ಕೈಯಿಂದಾದ್ದು. ಗಂಡುಮಕ್ಳಿಬ್ರಿಗೂ ಭಾಗ ಆದಾಗ ಬರೀ ಕಲ್ ನೆಟ್ರೆ ಕಿತ್ತಾಕ್ತಾರೆ ಅಂತ ಹುಲ್ ನೆಟ್ಳು. ನೋಡವ್ವ, ಕಿತ್ತಾಕಕ್ಕಾಯ್ತದಾ?’

‘ಅದರಲ್ಲಿ ಸ್ವಲ್ಪ ಬುಡ ಸೀಳಿ ಕೊಟ್ಟರೆ ಮೇಲಿನ ಹೊಲಕ್ಕೆಲ್ಲ ನೆಡಬಹುದು ಅಮ್ಮ.’

‘ಆಗಕಿಲ್ಲ.’

ಕಾರಣವನ್ನು ಅವರೇ ಹೇಳಿದರು. ಬುಡ ದಪ್ಪವಾಗುತ್ತ ಹೋಗಿ ಹುಲ್ಲು ತನ್ನ ಕಡೆಗೆ ಎರಡಡಿ ಸರಿದಿದೆ, ಗಡಿ ಅದಲ್ಲ ಎಂದು ಚಲುವಯ್ಯ ಸರ್ವೆಗೆ ಅರ್ಜಿ ಹಾಕಿದ್ದಾರೆ. ಎರಡು ವರ್ಷದಿಂದ ಎರಡು ಮನೆಗಳ ನಡುವೆ ಮಾತಿಲ್ಲ. ‘ಈಗ ಗುದ್ದಲಿ ಮುಟ್ಟುದ್ರೆ ಅವ್ನು ನಾಳೀಕೆ ನೇಗ್ಲು ತತ್ತಾನೆ.’

೬ ಜುಲೈ, ಮಂಗಳವಾರ

ಕಚೇರಿಯಲ್ಲಿ ಶಿವಮೂರ್ತಿ ಸಾರ್ ಜೊತೆ ಮಾತಾಡಿದೆ. ನಮ್ಮ ಅಧಿಕಾರಿ. ಮುಂದಿನ ವರ್ಷ ನಿವೃತ್ತಿ, ಕೆಟ್ಟವರಲ್ಲ.

‘ಆ ಸರ್ವೆ ನಂಬರಿಗೆ ಇನ್ನೊಂದು ಸಲ ಮಂಜೂರು ಮಾಡಕ್ಕಾಗಲ್ಲ ಮೇಡಂ. ಜೂನ್‌ದು ಊರಿನ ಲೆಕ್ಕದಲ್ಲಿ ಬಂತು, ಸರ್ವೆ ನಂಬರ್ ಯಾರೂ ನೋಡಲಿಲ್ಲ. ಕಡತದಲ್ಲಿ ಆಗ್ಲೇ ಪೂರ್ಣ ಆಗಿದೆ. ಕೆಳಗಡೆ ರಸ್ತೆ ಪಕ್ಕದ ಹೊಲ ತಗೊಳ್ಳಿ.’

‘ಸಾರ್, ನೀರು ಇಳಿಯೋದೇ ಚಿಕ್ಕಮಾದಣ್ಣನ ಹೊಲದಿಂದ. ಅಲ್ಲಿ ಬಿಟ್ಟು ಕೆಳಗೆ ನೆಟ್ಟರೆ ಏನುಪಯೋಗ?’

‘ಹಾಗಾದ್ರೆ ಹಿಂದಿನ ನಾಟಿ ಆಗಿಲ್ಲ ಅಂತ ನೀವೇ ಬರ್ದು ಕೊಡಬೇಕು.’ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಜಗನ್ ಒಳ್ಳೆ ಹುಡುಗ. ನಾನೇ ಕೆಲಸ ಕಲಿಸಿದ್ದು. ಬದಲಿ ಬುಡ ಬರುತ್ತೆ ಅಂತ ಮೊದ್ಲೇ ಬರ್ದಿಟ್ಟ, ಬರಲಿಲ್ಲ. ಈಗ ಅವನ ಸಹಿ ಮೇಲೆ ನೀವು ಬರೀತೀರಾ? ನಿಮ್ಮದಿನ್ನೂ ಪ್ರೊಬೇಷನ್. ಯೋಚನೆ ಮಾಡಿ.’

ಅವರಿಗೆ ಗೊತ್ತಿತ್ತು. ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತೋ ಏನೋ.

೮ ಜುಲೈ

ಬರೆದು ಕೊಡಲಿಲ್ಲ. ತಲೆನೋವು ಎಂದು ಬೇಗ ಬಂದೆ.

೧೧ ಜುಲೈ, ಭಾನುವಾರ

ಹೊರಗಿನವರು ಹೇಳುವ ಮೊದಲು ಅತ್ತೆಗೆ ನಾನೇ ಹೇಳಬೇಕು ಅನ್ನಿಸಿತು. ಅವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಎದುರು ಕೂತು ಎಲ್ಲ ಹೇಳಿದೆ. ಲಾರಿ, ಒಣಗಿದ ಬುಡ, ಕಡತ, ಎಂಟುನೂರು ಮೀಟರ್. ಅತ್ತೆ ಮೊರ ಕೆಳಗಿಟ್ಟು ಒಳಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಿದರು. ಅಕ್ಕಿ ನಾನೇ ಆರಿಸಿದೆ.

೧೩ ಜುಲೈ

ಬರೆದು ಕೊಟ್ಟೆ. ನಾಲ್ಕು ಸಲ ಹರಿದು ಐದನೆಯದು.

೧೪ ಜುಲೈ, ಬುಧವಾರ

ಮೂರು ದಿನದ ಮೇಲೆ ಅತ್ತೆ ಮಾತಾಡಿದರು. ನಾನು ಮುದ್ದೆ ಮುರಿಯುತ್ತಿದ್ದೆ.

‘ಬರ್ದ್ಯಾ?’

‘ಬರ್ದೆ.’

‘ಅವ್ನೆಸ್ರು ಬರ್ದ್ಯಾ?’

‘ಬರೀಲೇಬೇಕಿತ್ತು ಅತ್ತೆ.’

‘ಸುಳ್ಳು ಬರ್ದ ಅಂತ ಬರ್ದ್ಯಾ?’

‘ಇಲ್ಲ. ಬಂದ ಬುಡ ಒಣಗಿತ್ತು, ಬದಲಿ ಬರಲಿಲ್ಲ, ಅದಕ್ಕೆ ನಾಟಿ ಆಗಲಿಲ್ಲ. ಕಡತದಲ್ಲಿ ಇರೋದು ಸರಿಯಲ್ಲ ಅಂತ ಬರ್ದೆ. ಈ ವರ್ಷ ನಾನು ನೆಡಿಸಿದ್ದೂ ಸತ್ತುಹೋಯ್ತು ಅಂತ ಅದರ ಕೆಳಗೇ ಬರ್ದೆ.’

ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

‘ಆ ವರ್ಸ ಅವ್ನಿಗೆ ಸರ್ಯಾಗಿ ಊಟ ಸೇರ್ತಿರ್ನಿಲ್ಲ,’ ಎಂದರು. ‘ನಾನು ಎಂಡ್ತಿ ಮೇಲೆ ಏನೋ ಬ್ಯಾಸ್ರ ಅಂದ್ಕಂಡಿದ್ದೆ.’

ಅದು ನನಗೂ ನೆನಪಿದೆ. ನಾನೂ ಹಾಗೆಯೇ ಅಂದುಕೊಂಡಿದ್ದೆ.

೧೯ ಜುಲೈ, ಸೋಮವಾರ

ಶಿವಮೂರ್ತಿ ಸಾರ್ ತಾವೇ ಬಂದು ಇಳಿಜಾರು ಹತ್ತಿ ನೋಡಿದರು. ಉಬ್ಬಸ ಬಂದು ಎರಡು ಕಡೆ ಕೂತರು. ಮರುನಾಟಿಗೆ ಅನುಮತಿ ಸಿಕ್ಕಿತು. ಅದರ ಜೊತೆಗೆ ನನಗೊಂದು ನೋಟಿಸು: ಜೂನ್ ತಿಂಗಳ ಬುಡಗಳು ಒಣಗಿದ್ದರೂ ನೆಡಿಸಿ ಕೂಲಿ ವ್ಯರ್ಥ ಮಾಡಿದ್ದು ಯಾಕೆ ಎಂದು. ‘ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ ಮೇಡಂ, ಇನ್ಮೇಲೆ ಬರವಣಿಗೆಯಲ್ಲಿ ಕೇಳಿ’ ಎಂದರು ಸಾರ್, ಮೆಲ್ಲಗೆ. ಉತ್ತರ ಬರೆಯಬೇಕು.

ಅನುಮತಿ ಇದೆ, ಬುಡ ಇಲ್ಲ. ಲಾರಿಯದು ಬೇಡ ಎಂದು ಹೇಳಿದ್ದೇನೆ.

೨೨ ಜುಲೈ, ಗುರುವಾರ

ಚಲುವಯ್ಯನ ಮನೆಗೆ ಹೋದೆ. ಎಮ್ಮೆಗೆ ಮೇವು ಹಾಕುತ್ತಿದ್ದವರು ತಿರುಗಿ ನೋಡದೆ ಹೇಳಿದರು:

‘ಗೌರ್ಮೆಂಟ್ನೋರು ಹುಲ್ ನೆಡಕ್ಕೂ ಸಂಬ್ಳ ಕೊಟ್ಟು ಆಳ್ ಇಟ್ಟವ್ರಾ?’

‘ಹೂಂ ಚಲುವಯ್ಯನೋರೆ. ಕೀಳಕ್ಕೂ ಇಟ್ಟವ್ರೆ.’

ಆಗ ತಿರುಗಿದರು. ನಿನ್ನೆ ಬೇಲಿಯ ಎರಡು ಬದಿಯಲ್ಲೂ ಅಂಗೈ ಇಟ್ಟು ಅಳೆದದ್ದನ್ನು ಹೇಳಿದೆ. ಹುಲ್ಲು ಸರಿದಿಲ್ಲ, ಬುಡ ಎರಡೂ ಕಡೆಗೆ ಹರಡಿ ಮೂರೂವರೆ ಅಡಿ ಅಗಲವಾಗಿದೆ. ಅವರ ಕಡೆ ಎಷ್ಟು ತಿಂದಿದೆಯೋ ಅತ್ತಿಗೆಯ ಕಡೆಯೂ ಅಷ್ಟೇ. ಎರಡು ಕಡೆಯಿಂದಲೂ ಸಮವಾಗಿ ಸೀಳಿ ತೆಗೆದರೆ ನಡುವೆ ಒಂದಡಿ ಸಾಲು ಉಳಿಯುತ್ತದೆ. ಇಬ್ಬರ ನೆಲವೂ ಇಬ್ಬರಿಗೆ. ಸೀಳಿದ್ದು ಮೇಲಿನ ಹೊಲಕ್ಕೆ.

‘ನಡ್ಮದ್ಯ ಯಾವ್ದು ಅಂತ ಯೋಳದ್ ಯಾರು?’

‘ಚಿಕ್ಕಮಾದಣ್ಣ. ಎರಡು ತುದೀಲೂ ನಿಮ್ಮಪ್ಪ ಹಾಕಿದ ಕಲ್ಲಿದೆಯಂತೆ. ಹುಲ್ಲಿನೊಳಗೆ. ಹಗ್ಗ ಕಟ್ಟೋಣ.’

‘ಅವ್ಳು ಒಪ್ತಾಳಾ?’

‘ನೀವು ಒಪ್ಪಿದ್ರೆ ಅವರೂ ಒಪ್ತಾರಂತೆ.’

ವೆಂಕಟಮ್ಮನನ್ನು ಇನ್ನೂ ಕೇಳಿರಲಿಲ್ಲ. ಅಲ್ಲಿಂದ ನೇರ ಅವರ ಮನೆಗೆ ಹೋಗಿ, ‘ಚಲುವಯ್ಯನೋರು ಒಪ್ಪೋ ಹಾಗಿದ್ದಾರೆ’ ಎಂದೆ. ಕಡತದಲ್ಲಿ ಸುಳ್ಳು ಬೇಡ ಎಂದವಳು ಒಂದೇ ಮಧ್ಯಾಹ್ನದಲ್ಲಿ ಎರಡು ಮನೆಯಲ್ಲಿ ಹೇಳಿ ಬಂದೆ.

೨೮ ಜುಲೈ, ಬುಧವಾರ

ಇಬ್ಬರೂ ಒಪ್ಪಿ ಬಂದರು, ಕಲ್ಲೂ ಸಿಕ್ಕಿದವು. ಎರಡೂ ಬುಡದ ನಟ್ಟನಡುವೆ, ಬೇರು ಸುತ್ತಿಕೊಂಡು. ಚಿಕ್ಕಮಾದಣ್ಣ ಮಂಡಿಯೂರಿ ಹುಲ್ಲು ಸರಿಸಿ ತೋರಿಸಿದಾಗ ಚಲುವಯ್ಯ ಬಗ್ಗಿ ಕೈಯಿಟ್ಟು ನೋಡಿ ಹೂಂ ಎಂದರು. ವೆಂಕಟಮ್ಮ ಹಗ್ಗದ ಪಕ್ಕದಲ್ಲೇ ಕಂಬಳಿ ಹಾಸಿಕೊಂಡು ಇಡೀ ದಿನ ಕೂತರು. ಗುದ್ದಲಿ ಹಗ್ಗದ ಹತ್ತಿರ ಬಂದಾಗಲೆಲ್ಲ, ‘ಅಲ್ಲಿಗೇ ಬುಡು, ಅಲ್ಲಿಗೇ ಬುಡು.’

ಕೂಲಿಯವರ ಗುದ್ದಲಿ ನಾಟಲಿಲ್ಲ. ಬೇರು ಹಗ್ಗದ ಉಂಡೆಯ ಹಾಗೆ ಗಟ್ಟಿ. ಕೊನೆಗೆ ಚಲುವಯ್ಯನೇ ಮನೆಯಿಂದ ಪಿಕಾಸಿ ತಂದು, ‘ಬುಡ್ಲಾ ಅತ್ಲಾಗೆ’ ಎಂದು ಕೂಲಿಯವನನ್ನು ಸರಿಸಿ ತಾವೇ ಅಗೆದರು. ಮೊದಲು ತಮ್ಮ ಕಡೆ. ಅದು ಮುಗಿದ ಮೇಲೆ ಒಂದು ಗಳಿಗೆ ನಿಂತು ಅತ್ತಿಗೆಯ ಕಡೆಗೂ ಹೋದರು. ‘ನೋಡ್ಕಂಡು ಅಗಿ’ ಎಂದರು ವೆಂಕಟಮ್ಮ. ಎರಡು ವರ್ಷದ ಮೇಲೆ ಆಡಿದ ಮೊದಲ ಮಾತಂತೆ.

ಮಧ್ಯಾಹ್ನ ವೆಂಕಟಮ್ಮನ ಮನೆಯಿಂದ ಕುಕ್ಕೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು ಬಂತು. ಹೊಂಗೆ ಮರದ ನೆರಳಲ್ಲಿ ಎಲ್ಲರೂ ಕೂತರು. ಚಿಕ್ಕಮಾದಣ್ಣ ಮಾತ್ರ ಸ್ವಲ್ಪ ದೂರ, ಬಿಸಿಲಿನ ಅಂಚಿನಲ್ಲಿ ಕೂತರು. ನಾನು ನನ್ನ ತಟ್ಟೆ ತೆಗೆದುಕೊಂಡು ಹೋಗಿ ಅವರ ಪಕ್ಕ ಕೂತೆ. ಸಾರು ಖಾರವಾಗಿತ್ತು.

ಬುಡಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಹುಣಸೆ ಮರದ ಕೆಳಗೆ ಇಟ್ಟಿದ್ದೇವೆ. ನಾಳೆ ಎಂಟು ಗಂಟೆಗೆ ಮಟ್ಟ ಹಿಡಿಯಬೇಕು.

೩೧ ಜುಲೈ

ಗೇಣಿಗೊಂದರಂತೆ, ಮೂರು ಸಾಲು, ಎಂಟುನೂರಾ ಹನ್ನೆರಡು ಮೀಟರ್. ಟೇಪು ಹಿಡಿದು ಎರಡು ಸಲ ಅಳೆದೆ. ಬೆನ್ನು ಬಗ್ಗುತ್ತಿಲ್ಲ.

೨೦ ಆಗಸ್ಟ್

ಚಿಗುರು. ಏಳರಲ್ಲಿ ಐದು ಬದುಕಿವೆ. ಮೇಲಿನ ಸಾಲಿನಲ್ಲಿ ಆರು. ಕೆಳಗಿನದರಲ್ಲಿ ನೆಲ ಗಟ್ಟಿ, ಅಲ್ಲಿ ಇನ್ನೊಮ್ಮೆ ತುಂಬಬೇಕು. ಒಂದು ಪುಟ ಲೆಕ್ಕ ಬರೆದು ಶಿವಮೂರ್ತಿ ಸಾರ್‌ಗೆ ಕೊಟ್ಟೆ. ‘ಸತ್ತಿದ್ದನ್ನೂ ಬರ್ದಿದೀರಲ್ಲ’ ಎಂದರು. ನೋಟಿಸನ್ನು ಎಚ್ಚರಿಕೆ ಕೊಟ್ಟು ಮುಗಿಸಿದ್ದಾರೆ. ಸೇವಾ ಪುಸ್ತಕದಲ್ಲಿ ಒಂದು ಸಾಲು ಬರುತ್ತದೆ. ಬರಲಿ.

ಹಳೆಯ ಬೀರುವಿನ ಬಾಗಿಲು ಹಾಕಲು ಬರುತ್ತಿರಲಿಲ್ಲ, ಬಡಗಿಯನ್ನು ಕರೆಸಿದೆ. ಒಳಗಿದ್ದ ಕಡತಗಳನ್ನೆಲ್ಲ ಊರಿನ ಪ್ರಕಾರ ಜೋಡಿಸಿದೆ.

೫ ಅಕ್ಟೋಬರ್, ಮಂಗಳವಾರ

ನಿನ್ನೆ ಸಂಜೆ ಮೂರು ತಾಸು ಎಡೆಬಿಡದೆ ಸುರಿಯಿತು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ದಾರಿಯಲ್ಲಿ ಎರಡು ಕಡೆ ಹೊಲದ ಕೆಮ್ಮಣ್ಣು ರಸ್ತೆಗೆ ಬಂದು ಬಸ್ಸು ನಿಂತಿತು. ಸೀಟಿನಲ್ಲಿ ಕೂರಲಾಗಲಿಲ್ಲ, ನಿಂತೇ ಹೋದೆ.

ಚಿಕ್ಕಮಾದಣ್ಣ ಆಗಲೇ ಹೊಲದಲ್ಲಿದ್ದರು. ಮೇಲಿನ ಎರಡು ಸಾಲು ನಿಂತಿವೆ. ಹುಲ್ಲು ಮಣ್ಣು ಮೆತ್ತಿಕೊಂಡು ಕೆಳಮುಖವಾಗಿ ಬಾಗಿದೆ, ಆದರೆ ಕಿತ್ತುಬಂದಿಲ್ಲ. ಅದರ ಹಿಂದೆ ನಾಲ್ಕು ಬೆರಳು ಹೊಸ ಮಣ್ಣು. ಕೆಳಗಿನ ಸಾಲು ಗಾಡಿದಾರಿಯ ಹತ್ತಿರ ನೂರಡಿ ಕೊಚ್ಚಿಹೋಗಿದೆ. ಅಲ್ಲಿ ನುಗ್ಗಿದ ನೀರು ಒಂದು ಪಟ್ಟೆ ರಾಗಿಯನ್ನು ಮಲಗಿಸಿದೆ. ಅದು ನನ್ನ ತಪ್ಪು. ಗಾಡಿದಾರಿಗೆ ಮೊದಲೇ ಕಲ್ಲು ಜೋಡಿಸಿಡಬೇಕಿತ್ತು.

‘ಇರ್ಲಿ ಬುಡ್ರವ್ವ,’ ಎಂದು ಚಿಕ್ಕಮಾದಣ್ಣ ಆ ಹೊಸ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿ ತೋರಿಸಿದರು. ‘ಇದು ನನ್ನೊಲದ್ದು. ಓದ್ವರ್ಸ ಇಷ್ಟೊತ್ಗೆ ಕಪಿಲಾ ನದಿ ಸೇರ್ಕಂಡಿತ್ತು.’

ಕೆಳಗೆ ವೆಂಕಟಮ್ಮ ಕಾಲುವೆಯ ಪಕ್ಕ ನಿಂತಿದ್ದರು. ‘ಯಾವಾಗ್ಲೂ ರಕ್ತ ಬಂದಂಗ್ ಬರದು ಕಣವ್ವ ನೀರು. ಈ ಸಲ ಗಂಜಿ ಬಂದಂಗ್ ಬಂತು.’ ಚಲುವಯ್ಯ ಆ ಕಡೆಯಿಂದ ಕೂಗಿ ಕೇಳಿದರು, ‘ಲಾವಂಚದ್ ಮೇಡಮ್ಮೋರೆ, ನಮ್ ಮೇಲ್ಗಡೆ ತುಂಡ್ಗೆ ಯಾವಾಗ ಆಕಿಸ್ಕೊಡ್ತೀರಿ?’ ಜೂನ್‌ಗೆ ಎಂದೆ. ಹೆಸರು, ಸರ್ವೆ ನಂಬರು ಬರೆದುಕೊಂಡೆ. ಈ ಭಾನುವಾರವೋ ಮುಂದಿನದಕ್ಕೋ ಕೊಚ್ಚಿಹೋದ ಜಾಗ ತುಂಬಬೇಕು. ವೆಂಕಟಮ್ಮ ಇನ್ನೂರು ಬುಡ ಕೊಡುತ್ತಾರೆ.

೧೭ ಅಕ್ಟೋಬರ್, ಭಾನುವಾರ

ಅತ್ತೆ ತಾನೂ ಬರುತ್ತೇನೆಂದು ಹೊರಟರು. ಇಳಿಜಾರು ಹತ್ತಲು ಆಗುವುದಿಲ್ಲ ಎಂದೆ. ಕೇಳಲಿಲ್ಲ.

ಚಿಕ್ಕಮಾದಣ್ಣನಿಗೆ ‘ನಮ್ಮತ್ತೆ’ ಎಂದೆ. ಜಗನ್ ತಾಯಿ ಎಂದು ಅತ್ತೆಯೇ ಹೇಳಿಕೊಂಡರು. ಚಿಕ್ಕಮಾದಣ್ಣ ತಲೆಯ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡರು. ಆಮೇಲೆ ಮೇಲಿನ ಬಂಡೆ ತೋರಿಸಿದರು.

‘ಅಲ್ಲಿ ಕೂತಿದ್ರು ಕಣಕ್ಕ ನಿಮ್ ಮಗ. ಲಾರಿ ವಾಪಸ್ ಓದ್ಮೇಲೆ ಸಂಜೆಗಂಟ. ನಾನು ಕರದ್ರೂ ಬರ್ನಿಲ್ಲ. ಚಿಕ್ಕಮಾದು, ನಿನ್ಗೆ ಮೋಸ ಆಯ್ತಲ್ಲ ಅಂದ್ರು.’

‘ಅಂಗಂದ್ನಾ?’

‘ಅಂಗೇ ಅಂದ್ರು.’

ಅತ್ತೆ ಬಂಡೆಯ ತನಕ ಹೋಗಲಿಲ್ಲ. ಇದ್ದಲ್ಲಿಂದಲೇ ನೋಡಿದರು. ಸೆರಗಿನಲ್ಲಿ ಮುಖ ಒರೆಸಿಕೊಂಡು ಚಪ್ಪಲಿ ಬಿಟ್ಟರು. ಸೀರೆ ಎತ್ತಿ ಸಿಕ್ಕಿಸಿ, ಒದ್ದೆ ಗೋಣಿಯಿಂದ ಒಂದು ಹಿಡಿ ಬುಡ ತೆಗೆದುಕೊಂಡು, ಕೊಚ್ಚಿಹೋದ ಸಾಲಿನ ಆ ತುದಿಗೆ ಹೋಗಿ ಬಗ್ಗಿದರು. ಮೂವತ್ತು ವರ್ಷ ತಿ. ನರಸೀಪುರದ ಗದ್ದೆಗಳಲ್ಲಿ ನಾಟಿ ಹಾಕಿದ ಕೈ. ಗೇಣು ಅಳೆಯುವ ಅಗತ್ಯವೇ ಇರಲಿಲ್ಲ. ಕೂತುಕೊಳ್ಳಿ ಎಂದು ಎರಡು ಸಲ ಹೇಳಿ, ನಾನೂ ಈ ತುದಿಯಿಂದ ಶುರು ಮಾಡಿದೆ. ಚಿಕ್ಕಮಾದಣ್ಣ ಗಾಡಿದಾರಿಗೆ ಕಲ್ಲು ಜೋಡಿಸುತ್ತಿದ್ದರು.

ನಾವು ಎದುರುಬದುರಾಗುವಾಗ ಹೊತ್ತು ನೆತ್ತಿಗೆ ಬಂದಿತ್ತು. ನೂರಡಿಯಲ್ಲಿ ಎಪ್ಪತ್ತಡಿ ಅತ್ತೆಯೇ ನೆಟ್ಟಿದ್ದರು. ಸೊಂಟಕ್ಕೆ ಕೈಯಿಟ್ಟು ನಿಂತು ನಾನು ನೆಟ್ಟದ್ದನ್ನು ಒಂದೊಂದಾಗಿ ನೋಡಿದರು.

‘ಆ ಕೊನೇಲಿ ಎರಡ್ ಬುಡ ಸಡ್ಲ ಅವೆ. ಓಗಿ ಚೆನ್ನಾಗಿ ತುಳ್ದ್ ಬಾ ಮಗ.’

ಹೋಗಿ ತುಳಿದು ಬಂದೆ.